ಬಲ್ಮಾಮುಸಾದ ಆಜ್ಞೆ

2023ರ ಫೆಬ್ರವರಿ 11, ಶನಿವಾರ

‘ಟ್ಯಾಕ್ಟಿಕ್ಸ್ ಓಗರ್: ರೀಬಾರ್ನ್’ ಎಂಬ ವಿಡಿಯೊ ಆಟದ ಮೊದಲ ಅಧ್ಯಾಯ ಇಂದು ಮುಗಿಯಿತು. ಯಾಸುಮಿ ಮಾತ್ಸುನೊ ಅವರ ನಿರ್ದೇಶನದಲ್ಲಿ 1995ರಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಬಂದ ಈ ಆಟ 2010ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕಾಗಿ ಹೊಸದಾಗಿ ರೂಪುಗೊಂಡಿತ್ತು. ಈಗ ಆಡುತ್ತಿರುವುದು 2022ರ ನವೆಂಬರಿನಲ್ಲಿ ಬಿಡುಗಡೆಯಾದ ಆವೃತ್ತಿ. ಇದರಲ್ಲಿ ಪಾತ್ರಗಳು ಮಾತನಾಡುತ್ತವೆ. ಈ ಅಧ್ಯಾಯದ ಕೊನೆಯಲ್ಲಿ ಅದು ಎಷ್ಟು ಮುಖ್ಯವೆಂಬುದು ತಿಳಿಯಿತು.

ಕತೆ ನಡೆಯುವುದು ವಲೇರಿಯಾ ಎಂಬ ದ್ವೀಪಗಳಲ್ಲಿ. ದೊರೆ ಡೊರ್ಗಾಲುವಾ ತೀರಿಕೊಂಡ ಮೇಲೆ ಅಲ್ಲಿಯ ಮೂರು ಜನಾಂಗಗಳು ಒಂದನ್ನೊಂದು ಕೊಲ್ಲಲು ತೊಡಗಿವೆ. ಬಕ್ರಾಮರ ಕೈಯಲ್ಲಿ ಹಳೆಯ ಅಧಿಕಾರವಿದೆ, ಗಲ್ಗಸ್ತಾನಿಗಳು ಬಹುಸಂಖ್ಯಾತರು, ವಾಲಿಸ್ಟರರು ಅಂಗೈಯಗಲ ನೆಲವೂ ಉಳಿಯದ ಅಲ್ಪಸಂಖ್ಯಾತರು. ಗೋಲ್ಯಾಟ್ ಊರನ್ನು ಸುಟ್ಟ ಲ್ಯಾನ್ಸ್‌ಲಾಟ್ ಎಂಬವನ ಮೇಲೆ ಸೇಡು ತೀರಿಸಿಕೊಳ್ಳಲು, ಆಡುವವರು ನಡೆಸುವ ನಾಯಕ ಡೆನಮ್, ಅವನ ಅಕ್ಕ ಕಟಿವಾ ಮತ್ತು ಗೆಳೆಯ ವೈಸ್ ಹೊಂಚು ಹಾಕುತ್ತಾರೆ. ಆದರೆ ಅವರ ಮುಂದೆ ಬಂದವನು ಅದೇ ಹೆಸರಿನ ಬೇರೊಬ್ಬ ಲ್ಯಾನ್ಸ್‌ಲಾಟ್. ಆಟ ಆರಂಭವಾಗುವುದೇ ಹೀಗೆ, ತಪ್ಪು ಮನುಷ್ಯನ ಮೇಲೆ ಎತ್ತಿದ ಕತ್ತಿಯಿಂದ.

ಮುಂದೆ ಈ ಮೂವರು ಆಲ್ಮೊರಿಕಾ ಕೋಟೆಯಿಂದ ತಮ್ಮ ನಾಯಕ ಡ್ಯೂಕ್ ರಾನ್ವೇಯನ್ನು ಬಿಡಿಸುತ್ತಾರೆ, ಯೋಧರೆಂದು ಹೆಸರು ಪಡೆಯುತ್ತಾರೆ, ಬಲ್ಮಾಮುಸಾ ಎಂಬ ಊರಿಗೆ ಹೋಗುತ್ತಾರೆ. ಗಲ್ಗಸ್ತಾನಿಗಳ ಹಿಡಿತದಲ್ಲಿರುವ ಆ ಊರಿನ ವಾಲಿಸ್ಟರರು ದಂಗೆ ಏಳಲು ಒಪ್ಪುವುದಿಲ್ಲ. ಆಗ ಡ್ಯೂಕನ ಆಪ್ತ ಯೋಧ ಲಿಯೊನಾರ್ ಆಜ್ಞೆಯನ್ನು ತಿಳಿಸುತ್ತಾನೆ: ಊರಿನವರನ್ನೆಲ್ಲ ಕೊಂದು ಆ ಪಾಪವನ್ನು ಗಲ್ಗಸ್ತಾನಿಗಳ ಮೇಲೆ ಹೊರಿಸಬೇಕು, ಸಿಟ್ಟಿಗೆದ್ದ ವಾಲಿಸ್ಟರರೆಲ್ಲ ಒಂದಾಗಿ ಆಯುಧ ಹಿಡಿಯುತ್ತಾರೆ. ಅವನ ದನಿಯಲ್ಲಿ ಕ್ರೌರ್ಯವಿಲ್ಲ. ಲೆಕ್ಕ ಹಾಕಿ ನೊಂದವನ ದಣಿವಿದೆ. ನನ್ನನ್ನು ಬಹಳ ಕಾಡಿದ್ದು ಆ ದಣಿವೇ.

ನಾನು ಒಪ್ಪಲಿಲ್ಲ. ಒಪ್ಪದಿದ್ದರೂ ಊರು ಉಳಿಯಲಿಲ್ಲ. ವೈಸ್ ಮುಂದೆ ಬಂದು ಆ ಕೆಲಸವನ್ನು ಮಾಡಿಸಿದ, ಅಪವಾದ ಡೆನಮ್‌ನ ತಲೆಗೆ ಬಂತು. ಕವಲಿಗೆ ಮೊದಲೇ ಸೇವ್ ಮಾಡಿಟ್ಟಿದ್ದರಿಂದ ಇನ್ನೊಂದು ದಾರಿಯಲ್ಲೂ ಸ್ವಲ್ಪ ದೂರ ನಡೆದು ನೋಡಿದೆ. ಅಲ್ಲಿ ಡೆನಮ್ ಆಜ್ಞೆಗೆ ತಲೆಬಾಗಿದರೆ ಅದನ್ನು ಧಿಕ್ಕರಿಸಿ ಹೊರನಡೆಯುವವನು ಇದೇ ವೈಸ್! ಪಾತ್ರದ ಸ್ವಭಾವವನ್ನು ಹೀಗೆ ತಿರುಗುಮುರುಗು ಮಾಡುವುದು ಬರವಣಿಗೆಯ ದೋಷವೆಂದು ಮೇಲುನೋಟಕ್ಕೆ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಮೊದಲಿನಿಂದಲೂ ವೈಸ್‌ಗೆ ಇರುವುದು ಡೆನಮ್‌ನ ಹೆಸರಿನ ಬಗೆಗಿನ ಅಸೂಯೆ ಮತ್ತು ತಾನು ಯಾರಿಗೂ ಬೇಡದವನೆಂಬ ಹಳೆಯ ಗಾಯ. ಗೆಳೆಯ ಯಾವ ಕಡೆ ನಿಂತನೋ ಅದರ ಎದುರು ಕಡೆಯಲ್ಲಿಯೇ ಅವನಿಗೆ ಜಾಗ ಸಿಗುತ್ತದೆ. ತತ್ತ್ವದ ಮಾತಾಡುವ ಎಷ್ಟೋ ಮಂದಿಯ ತತ್ತ್ವ ಇಂಥ ಜಾಗದಲ್ಲಿ ಹುಟ್ಟಿರುತ್ತದೆ ಎಂಬುದನ್ನು ಈ ಆಟ ಭಾಷಣವಿಲ್ಲದೆ ತೋರಿಸುತ್ತದೆ.

ಯುಗೊಸ್ಲಾವಿಯ ಒಡೆದಾಗ ನಡೆದ ಯುದ್ಧಗಳು ಈ ಕತೆಗೆ ಪ್ರೇರಣೆಯಾದವು ಎಂದು ಮಾತ್ಸುನೊ ಹೇಳಿದ್ದಾರೆ. ಹಾಗೆ ಒಡೆದು ಬೇರೆಯಾದ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ) ಗಂಡಸರು ಮತ್ತು ಹುಡುಗರ ಹತ್ಯೆಯಾದದ್ದು 1995ರ ಜುಲೈನಲ್ಲಿ; ಆಟ ಅಂಗಡಿಗೆ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಬಲ್ಮಾಮುಸಾದ ದೃಶ್ಯವನ್ನು ಅಷ್ಟರೊಳಗೆ ಬರೆದು ಮುಗಿಸಿರಲೇಬೇಕು. ಈ ಎರಡು ತಿಂಗಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಲಹೊತ್ತು ಮುಂದೆ ಆಡಲಾಗಲಿಲ್ಲ.

ಕದನದ ನಿಯಮಗಳು ಕತೆಯಿಂದ ಬೇರೆಯಾಗಿ ನಿಲ್ಲುವುದಿಲ್ಲ ಎಂಬುದು ನನಗೆ ಇನ್ನೂ ದೊಡ್ಡ ಸಂಗತಿ. ಚೌಕಗಳ ನೆಲದಲ್ಲಿ ಎತ್ತರ ಹಿಡಿದ ಬಿಲ್ಲುಗಾರನ ಬಾಣ ದೂರ ಹೋಗುತ್ತದೆ. ಬಿದ್ದ ಸೈನಿಕನನ್ನು ಮೂರು ಸರದಿಗಳೊಳಗೆ ಎಬ್ಬಿಸದಿದ್ದರೆ ಅವನು ಶಾಶ್ವತವಾಗಿ ಇಲ್ಲವಾಗುತ್ತಾನೆ. ಚಾರಿಯಟ್ ಎಂಬ ಸೌಲಭ್ಯದಿಂದ ಕದನವನ್ನು 50 ಸರದಿಗಳವರೆಗೆ ಹಿಂದಕ್ಕೆ ತಿರುಗಿಸಿ ಬೇರೆ ನಡೆಯನ್ನು ಪ್ರಯತ್ನಿಸಬಹುದು. ಲಿಯೊನಾರ್‌ಗೆ ಕೊಡುವ ಉತ್ತರಕ್ಕೆ ಆ ಸೌಲಭ್ಯ ಅನ್ವಯಿಸುವುದಿಲ್ಲ. ಇದರ ಜೊತೆಗೆ ಕೇಯಾಸ್ ಫ್ರೇಮ್ ಎಂಬ ಗುಪ್ತ ಲೆಕ್ಕವೊಂದಿದೆ: ಯಾವ ಜನಾಂಗ ಡೆನಮ್‌ನನ್ನು ಹೇಗೆ ಕಾಣುತ್ತದೆ ಎಂಬುದನ್ನು ಆಟ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ, ರಣರಂಗದಲ್ಲಿ ಅವರವರನ್ನು ಕೊಂದಷ್ಟೂ ಅದು ಕುಸಿಯುತ್ತದೆ. ನನ್ನ ಪಡೆಯಲ್ಲಿಯೇ ಗಲ್ಗಸ್ತಾನಿ ಯೋಧರಿದ್ದಾರೆ; ಅವರ ಜನರ ಮೇಲೆ ನಾನು ನಡೆಸುವ ಕದನವನ್ನು ಅವರ ನಿಷ್ಠೆಯ ಅಂಕವೂ ಗಮನಿಸುತ್ತಿರುತ್ತದೆ. ಇಂಥ ಆಟಗಳಲ್ಲಿ ಶತ್ರುವಿನ ಸಾವು ಸಾಮಾನ್ಯವಾಗಿ ಬರೀ ಲಾಭ. ಇಲ್ಲಿ ಅದಕ್ಕೆ ಬೆಲೆಯಿದೆ, ಆ ಬೆಲೆಯ ಚೀಟಿಯನ್ನು ಆಟ ಕೂಡಲೇ ತೋರಿಸುವುದೂ ಇಲ್ಲ.

ಎರಡನೆಯ ಅಧ್ಯಾಯವನ್ನು ನಿರಾಕರಿಸಿದ ದಾರಿಯಲ್ಲಿಯೇ ಮುಂದುವರಿಸುತ್ತೇನೆ. ಹೆಚ್ಚಿನ ಕದನಗಳನ್ನು ಎದುರಾಳಿ ದಂಡನಾಯಕನೊಬ್ಬನನ್ನು ಸೋಲಿಸಿ ಗೆಲ್ಲಬಹುದಾದ್ದರಿಂದ, ಉಳಿದ ಸೈನಿಕರನ್ನು ನಿದ್ದೆಯ ಮಂತ್ರದಿಂದ ತಡೆದು ನೇರವಾಗಿ ಅವನ ಬಳಿಗೆ ನುಗ್ಗುವಂತೆ ಪಡೆಯನ್ನು ಹೊಸದಾಗಿ ಜೋಡಿಸಿದ್ದೇನೆ. ಬಿಲ್ಲುಗಾರರಲ್ಲಿ ಒಬ್ಬರನ್ನು ಕಡಿಮೆ ಮಾಡಿ, ಗುಣಪಡಿಸುವ ಕ್ಲೆರಿಕ್ ಒಬ್ಬರನ್ನು ಹೆಚ್ಚಿಸಿದ್ದೂ ಆಯಿತು.