ಎಳ್ಳಮಾಸಿ ಮರುದಿನದ ಬಿಸಲು, ಮಾಮಾನ ಮನಿ ಗೋಡಿ

ನಮ್ಮ ಮಾಮಾನ ಮನಿ ದಕ್ಷಿಣದ ಗೋಡಿ ಫೋಟೋ ನನ್ನ ಹತ್ರ ಏನಿಲ್ಲಂದ್ರೂ ಮೂವತ್ತು ಅವ. ಆದ್ರ ಗೋಡಿ ಗೋಡಿ ಹಂಗ ಕಾಣೋದು ಒಂದ್ರಾಗ ಮಾತ್ರ. ಉಳಿದಿದ್ದೆಲ್ಲಾ ಮೇ ತಿಂಗಳ ಸೂಟಿಗಿ ಹೋದಾಗ ತೆಗದಿದ್ದು, ಒಂದು ಬೂದಿ ಬಣ್ಣದ ಚಾದರ ಕಟ್ಟಿ ಬಿಟ್ಟಂಗ ಸಪಾಟ ಕಾಣ್ತದ, ಕಲ್ಲು ಯಾವ್ದು ಸಂದಿ ಯಾವ್ದು ಗೊತ್ತಾಗಂಗಿಲ್ಲ.

ಊರು ಕಾಗಿಣಾ ಹೊಳಿ ಕಡಿ, ಮಳಖೇಡದಿಂದ ಭಾಳ ದೂರಿಲ್ಲ. ಮಳಖೇಡ ಅಂದ್ರ ರಾಷ್ಟ್ರಕೂಟರ ಮಾನ್ಯಖೇಟ, ಅಲ್ಲಿ ಕೋಟಿ (ಕೋಟೆ) ನೋಡ್ಲಕ ಮಂದಿ ಬರ್ತಾರ, ಫೋಟೋ ತೆಗಿತಾರ, ನಾನೂ ತೆಗದೀನಿ. ಭೀಮಾ ದಂಡಿಗಿ ಫಿರೋಜಾಬಾದಕ್ಕೂ ಹೋಗೀನಿ, ಹೊಳಕುಂದಾ ಗುಂಬಜಕ್ಕೂ ಹೋಗೀನಿ, ಎಲ್ಲಾ ಥಂಡಿ ದಿನದಾಗೇ. ಆದ್ರ ಈ ಕೋಟಿ ಗುಂಬಜ ಫೋಟೋ ತೆಗಿಯೋರು ಸಾವಿರ ಮಂದಿ ಅದಾರ. ಅದೇ ದಾರಿ ಮ್ಯಾಲಿನ ಹಳ್ಳ್ಯಾಗ ಇರೋ ಮನಿ, ಅಗಸಿ, ಹುಡೇವು (ಊರ ಕಾವಲಿನ ಬುರುಜು), ಎತ್ತು ಕಟ್ಟೋ ದಂದಕ್ಕಿ ಇವನ್ನ ಯಾರೂ ತೆಗಿಯಂಗಿಲ್ಲ, ಇದು ನನಗ ಭಾಳ ದಿನದಿಂದ ಮನಸ್ಸಿನ್ಯಾಗ ಚುಚ್ಚೋ ಮಾತು. ವರ್ಷಾ ವರ್ಷಾ ಊರಾಗ ಒಂದೆರಡು ಹಳೀ ಮನಿ ಬೀಳ್ತಾವ ಇಲ್ಲಾ ಕೆಡವ್ತಾರ, ಆಮ್ಯಾಲ ಅದು ಹ್ಯಾಂಗಿತ್ತು ಅಂತ ನೆನಪು ಮಾಡ್ಕೊಳ್ಳಕ ಒಂದು ಫೋಟೋ ಸುದ್ದಾ ಇರಂಗಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡಾಗಿಂದ ನಾನು ಊರ ಮನಿಗೋಳೇ ತೆಗಿಲತ್ತೀನಿ.

ನಮ್ಮ ಕಡಿ ಮನಿ ಗೋಡಿ ಶಹಾಬಾದ ಕಲ್ಲಿಂದು. ಈ ಕಲ್ಲು ನೆಲದಾಗೇ ಪದರ ಪದರ ಆಗಿ ಕುಂತಿರ್ತದ, ಸಂದಿ ಹಿಡದು ಎಬ್ಬಿಸಿದ್ರ ಹಾಸು ಹಾಸೇ ಏಳ್ತದ, ನೆಲಕ್ಕ ಹಾಕಿದ್ರ ಫರ್ಸಿ, ಹೊಲದ ಬದುವಿಗಿ ನಿಂದ್ರಿಸಿದ್ರ ಬೇಲಿ, ಅಡಿಗಿ ಮನ್ಯಾಗ ಕಟ್ಟಿ, ಹೋಟೆಲ್ ಮುಂದ ಕುಂದ್ರೋ ಬೆಂಚು, ಎಲ್ಲಾ ಇದೇ. ಹಳೀ ಗೋಡ್ಯಾಗ ಇದನ್ನ ಅಡ್ಡ ಮಲಗಿಸಿ ಮಣ್ಣಿನ್ಯಾಗ ಕಟ್ಟಿರ್ತಾರ, ಹತ್ರ ಹೋಗಿ ನೋಡಿದ್ರ ಬುಟ್ಟ್ಯಾಗ ಖಡಕ್ ರೊಟ್ಟಿ ಒಂದರ ಮ್ಯಾಲ ಒಂದು ಜೋಡ್ಸಿಟ್ಟಂಗ ಕಾಣ್ತದ. ಆ ರೊಟ್ಟಿ ಅಂಚು ಫೋಟೋದಾಗ ಬರ್ಬೇಕಂದ್ರ ಬಿಸಲು ಗೋಡಿಗಿ ಎದುರಿಂದ ಬೀಳ್ಬಾರದು, ಗೋಡಿ ಸವರ್ಕೋತ ಅಡ್ಡ ಹಾದು ಹೋಗ್ಬೇಕು.

ಇದು ನಂಗ ತಿಳ್ಯಾಕ ಭಾಳ ವರ್ಷ ಹಿಡೀತು. ಮೇ ತಿಂಗಳದಾಗ ಹೊತ್ತು, ಅಂದ್ರ ಸೂರ್ಯ, ಈಶಾನ್ಯದ ಕಡಿ ವಾಲಿ ಹೊಂಡ್ತದ, ಮಧ್ಯಾಹ್ನ ನೆತ್ತಿ ಮ್ಯಾಲ ಬಂದು ನಿಂದರ್ತದ, ದಕ್ಷಿಣಕ್ಕ ಮುಖ ಮಾಡಿದ ಗೋಡಿಗಿ ಬಿಸಲು ಬಿದ್ದಂಗೂ ಇಲ್ಲ ಬೀಳಲಾರ್ದಂಗೂ ಇಲ್ಲ. ಡಿಸೆಂಬರ್ ಕಡೀಗಿ ಹಂಗಲ್ಲ, ಹೊತ್ತು ಪೂರ್ವಕ್ಕಿಂತ ಸುಮಾರು 25 ಡಿಗ್ರಿ ದಕ್ಷಿಣಕ್ಕ ಸರಿದು ಹುಟ್ತದ, ಮಟಮಟ ಮಧ್ಯಾಹ್ನ ಸುದ್ದಾ ನಮ್ಮ ಕಲಬುರಗಿ ಕಡಿ 50 ಡಿಗ್ರಿಗಿಂತ ಮ್ಯಾಲ ಏರಂಗಿಲ್ಲ. ಹಿಂಗಾಗಿ ಮುಂಜಾನಿ ಹೊತ್ತು ಹೊಂಟ ಕೂಡ್ಲೇ ದಕ್ಷಿಣದ ಗೋಡಿ ಮ್ಯಾಲ ಬೆಳಕು ಬಗಲಿಂದ ಬಂದು ಜಾರ್ಕೋತ ಹೋಗ್ತದ, ಒಂದು ಬೆರಳಿನಷ್ಟು ಹೊರಗ ಬಂದ ಕಲ್ಲಿಗೂ ಗೇಣುದ್ದ ನೆರಳು ಬೀಳ್ತದ. ಇದು ವರ್ಷದಾಗ ಥಂಡಿ ದಿನದಾಗ ಮಾತ್ರ, ಅದೂ ದಿನಾ ಒಂದು ತಾಸು ಅಷ್ಟೇ.

2024ರ ಎಳ್ಳಮಾಸಿ, ಅಂದ್ರ ಎಳ್ಳು ಅಮಾಸಿ, ಡಿಸೆಂಬರ್ 30ಕ್ಕ ಬಂದಿತ್ತು. ಹೊಲಕ್ಕ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು, ಅಂಬಲಿ ಎಲ್ಲಾ ಹೊಟ್ಟಿ ತುಂಬ ಉಂಡು ಸಂಜೀಕ ಮನಿಗಿ ಬಂದ್ವಿ. ಮನಿ ತುಂಬ ಮಂದಿ, ಹುಡುಗ್ರಿಗಿ ಒಳಗಿನ ಪಡಸಾಲ್ಯಾಗ ಸಾಲಾಗಿ ಕೌದಿ ಹಾಸಿದ್ರು, ಗೋಡಿಗಿ ಹತ್ತಿ ಹೊಸಾ ತೊಗರಿ ಚೀಲ ಒಟ್ಟಿದ್ರು, ಆ ಚೀಲದ ಬಾಜೂಕೇ ಹುಡುಗ್ರು ಮಲಗಿದ್ವು. ಆ ಗೋಡಿನೇ ಹೊರಗಿಂದ ನಾ ಹೇಳ್ಲತ್ತಿರೋ ದಕ್ಷಿಣದ ಗೋಡಿ.

ಮರುದಿನ ಆರಕ್ಕೇ ಎದ್ದೆ. ಅಷ್ಟೊತ್ತಿಗೇ ಅತ್ತಿ ಹಿತ್ತಲದಾಗ ನೀರಿನ ಒಲಿಗಿ ತೊಗರಿ ಕಟಗಿ ತುರುಕ್ಲತ್ತಿದ್ಳು, ಹೊಗಿ ಮ್ಯಾಲ ಏಳಲಾರ್ದೆ ನೆಲ ಹಿಡದು ಹರೀಲತ್ತಿತ್ತು, ಥಂಡಿ ಇದ್ದಾಗ ಹಂಗೇ ಆಗ್ತದ. ಟ್ರೈಪಾಡ್ ಕಣದ ಕಡಿ ಇಟ್ಟೆ. ಮನಿ ಫೋಟೋ ತೆಗಿಯೋವಾಗ ಕ್ಯಾಮೆರಾ ಮ್ಯಾಲಕ್ಕ ಎತ್ತಿದ್ರ ಗೋಡಿ ಹಿಂದಕ್ಕ ಬಿದ್ದಂಗ ಕಾಣ್ತದ, ಅದಕ್ಕ ನಾನು ಹಿಂದ ಸರಿದು ಕ್ಯಾಮೆರಾ ಮಟ್ಟಸ ಇಡ್ತೀನಿ, ಎಫ್ 8, ಐಎಸ್‌ಓ 100, ಅಷ್ಟೇ. ಗೋಡಿಗಿ ಆನಿಸಿಟ್ಟ ಕಟಗಿ ಹೊರಿ ಒಂದಿತ್ತು, ಅದನ್ನ ತೆಗಿಲಿಲ್ಲ, ಥಂಡ್ಯಾಗ ಆ ಗೋಡಿ ಅಂದ್ರ ಆ ಹೊರಿನೂ ಸೇರಿನೇ.

ಆರೂವರಿ ದಾಟಿ ಆರೂಮುಕ್ಕಾಲೂ ದಾಟ್ತು, ಆಮ್ಯಾಲ ಜಾಲಿ ಗಿಡದ ಹಿಂದಿಂದ ಹೊತ್ತು ಕಾಣ್ಸಿಕೊಂಡು ಗೋಡಿ ತುದಿ ಮೊದಲು ಕೆಂಪಾಯ್ತು, ಹಂಗೇ ಬೆಳಕು ಕೆಳಗ ಇಳೀತು. ಬೂದಿ ಅಂತ ಅಂದ್ಕೊಂಡಿದ್ದ ಕಲ್ಲಿನ್ಯಾಗ ನೀಲಿ, ಹಳದಿ, ಒಂದೊಂದು ಕಲ್ಲು ನಸುಗೆಂಪು. ಸಂದಿಗಿ ತುರುಕಿದ ಚಕ್ಕಿ ಕಲ್ಲು ಒಂದೊಂದೂ ಎಣಿಸ್ಬಹುದಿತ್ತು. ಎತ್ತು ಕಟ್ಟೋ ಕಬ್ಬಿಣದ ಬಳಿ ನೆರಳು ಮೊಳದುದ್ದ ಬಿದ್ದಿತ್ತು, ಆ ಬಳಿ ಕೆಳಗ ಎತ್ತಿನ ಮೈ ಉಜ್ಜಿ ಉಜ್ಜಿ ಕಲ್ಲು ನುಣ್ಣಗಾಗಿ ಎಣ್ಣಿ ಹಚ್ಚಿದಂಗ ಹೊಳೀಲತ್ತಿತ್ತು. ಮಾಮಾ ಎತ್ತು ಮಾರಿ ಎಷ್ಟೋ ವರ್ಷ ಆಯ್ತು.

ಆಗ ಒಂದು ನೆರಳು ನನಗ ತಿಳೀಲಿಲ್ಲ. ನಡು ಗೋಡ್ಯಾಗ, ಆಳಿನ ಎದಿ ಎತ್ತರಕ್ಕ, ತಲಿದಿಂಬಿನ ಆಕಾರದ್ದು. ಕಲ್ಲಿನ ನೆರಳಿಗಿ ಚೂಪು ಅಂಚು ಇರ್ತದ, ಇದಕ್ಕ ಅಂಚೇ ಇಲ್ಲ, ಮೆಲ್ಲಕ ಕಪ್ಪಾಗಿ ಮೆಲ್ಲಕ ಕರಗ್ತದ. ಮೊದ್ಲು ಒಲಿ ಹೊಗಿ ಇರ್ಬೇಕು ಅನ್ಕೊಂಡೆ, ಲೆನ್ಸ್ ಒರೆಸ್ದೆ, ಜಾಗಾ ಬದಲ್ ಮಾಡ್ದೆ, ಅದು ಅಲ್ಲೇ ಇತ್ತು. ಹತ್ರ ಹೋಗಿ ಗೋಡಿಗಿ ಕೆನ್ನಿ ಹಚ್ಚಿ ಉದ್ದಕ್ಕ ನೋಡ್ದಾಗ ಗೊತ್ತಾಯ್ತು, ಗೋಡಿ ಹೊಟ್ಟಿ ಬಿಟ್ಟದ.

ಮಾಮಾಗ ಕರದು ಕ್ಯಾಮೆರಾದಾಗ ಝೂಮ್ ಮಾಡಿ ತೋರ್ಸ್ದೆ. "ಏ ಅಳಿಯಾ, ಅದು ನಮ್ಮಪ್ಪನ ಕಾಲದಿಂದ ಹಂಗೇ ಅದ, ಏನಾಗಂಗಿಲ್ಲ" ಅಂದ. ಅತ್ತಿ ಮಾತ್ರ ಸುಮ್ನೆ ನಿಂತು ನೋಡಿದ್ಳು, ಹಸಿ ಕೈ ಸೀರಿಗಿ ಒರೆಸ್ಕೊಂಡು ಒಳಗ ಹೋದ್ಳು, ನಾನೂ ಹಿಂದೇ ಹೋದೆ. ಚೀಲ ಒಟ್ಟಿದ ಮೂಲಿ ತೋರ್ಸಿ ಹೇಳಿದ್ಳು, "ಮಳಿಗಾಲದಿಂದ ದಿನಾ ಮುಂಜಾನಿ ಇಲ್ಲಿ ಬೊಗಸಿ ಬೊಗಸಿ ಮಣ್ಣು ಬಳೀಲತ್ತೀನಿ ಮಗಾ, ಇಲಿ ಕೊರಿತಾವ ಅಂದ್ಕೊಂಡಿದ್ದೆ." ಆ ಮಾತು ಕೇಳಿದ್ಮ್ಯಾಲ ಮಾಮಾನೂ ಸುಮ್ನಾದ. ಹುಡುಗ್ರು ಇನ್ನೂ ಅಲ್ಲೇ ಮಲಗಿದ್ವು. ಎಬ್ಬಿಸಿ ಕೌದಿ ಸಮೇತ ಅಂಗಳಕ್ಕ ಕಳಿಸಿದ್ವಿ, ಚೀಲ ಒಂದೊಂದಾಗಿ ಹೊರಗ ತಂದ್ವಿ, ನನ್ನ ಕೈ ನಡಗ್ಲತ್ತಿದ್ವು, ಅದು ಥಂಡಿಗಿ ಅಲ್ಲ.

ಗೌಂಡಿ ಕಾಕಾ ಬರೋ ಹೊತ್ತಿಗಿ ಹನ್ನೊಂದು ಆಗಿತ್ತು, ಅಷ್ಟೊತ್ತಿಗಿ ಬಿಸಲು ಗೋಡಿ ಎದುರಿಗಿ ಬಂದು ಆ ನೆರಳು ಪೂರಾ ಮಾಯ. ಮತ್ತ ಅದೇ ಚಾದರ. ಫೋಟೋ ಇಲ್ದಿದ್ರ ಅವರಿಗಿ ಏನು ತೋರಿಸ್ಬೇಕಿತ್ತು ನಾನು? ಅವರು ಸ್ಕ್ರೀನ್ ನೋಡಿ, ಗೋಡಿ ತುದಿಯಿಂದ ದಾರಕ್ಕ ಕಟ್ಟಿದ ಗುಂಡು ಇಳಿಬಿಟ್ಟು ಬೆರಳು ಹಚ್ಚಿ ಅಳದ್ರು, ನಾಕು ಬೆರಳು ಹೊರಗ ಬಂದಿತ್ತು. ಆಮ್ಯಾಲ ತಿಳಿಸಿ ಹೇಳಿದ್ರು. ಇದು ಹೊರಗೊಂದು ಒಳಗೊಂದು ಎರಡು ಮೈ ಇರೋ ಗೋಡಿ, ನಡುವ ಮಣ್ಣು ಚೂರು ಕಲ್ಲು ತುಂಬಿರ್ತಾರ, ಎರಡೂ ಮೈ ಹಿಡಕೊಳ್ಳಾಕ ಅಲ್ಲಲ್ಲಿ ಉದ್ದ ಕಲ್ಲು ಆರ್‌ಪಾರ್ ಇಟ್ಟಿರ್ತಾರ. ಈ ಜಾಗಾದಾಗ ಒಂದ್ ಕಾಲಕ್ಕ ಕಿಟಕಿ ಇದ್ದು ಆಮ್ಯಾಲ ಮುಚ್ಚಿದ್ದಕ್ಕ ಅಂಥ ಕಲ್ಲು ಒಂದೂ ಇಲ್ಲ. ಮ್ಯಾಲಿಂದ ನೀರು ಇಳಿದು ನಡುವಿನ ಮಣ್ಣು ಹಸಿ ಆಗಿ ಕೆಳಗ ಕುಂತದ, ಕುಂತಿದ್ದು ಹೊರಗಿನ ಮೈ ದೂಡ್ಲತ್ತದ.

ನೀರು ಹ್ಯಾಂಗ ಇಳೀತು ಅನ್ನೋದಕ್ಕ ಮಾಳಗಿ ಹತ್ತಿ ನೋಡ್ಬೇಕಾಯ್ತು. ಮಣ್ಣಿನ ಮಾಳಗಿಗಿ ಮಳಿಗಾಲ ಸುರು ಆಗೋದ್ರೊಳಗ ವರ್ಷಾ ಕರಲ ಮಣ್ಣು ಹಾಕಿ ತುಳಿಬೇಕು, ಅದು ನೀರು ಬಿದ್ರ ಕೂಡ್ಕೊಂಡು ಒಳಗ ಬಿಡಂಗಿಲ್ಲ. ಮುತ್ಯಾ ಇದ್ದಾಗ ಬಂಡಿಲೆ ತರ್ತಿದ್ದ. ಈಗ ಮನ್ಯಾಗ ಇರೋರು ಇಬ್ರು, ಮಕ್ಕಳು ಪುಣಾ, ಹೈದ್ರಾಬಾದ, ನಾನು ಕಲಬುರಗಿ, ಯಾರು ತರ್ಬೇಕು? ಒಂದು ತಾಡಪತ್ರಿ ಹಾಸಿ ಮ್ಯಾಲ ಕಲ್ಲಿಟ್ಟಿದ್ರು, ಅದು ಹರಿದು ಚಿಂದಿ ಆಗಿತ್ತು. 2020ರ ಅಕ್ಟೋಬರ್‌ದಾಗ ಆ ದೊಡ್ಡ ಮಳಿ ಬಂದು ಭೀಮಾ ಉಕ್ಕಿದಾಗ ಇಲ್ಲೂ ಮೂರ್ನಾಕು ದಿನ ಸೋರಿತ್ತಂತ. ಆಗ ಹಾನಿ ಬರ್ಕೊಳ್ಳಾಕ ಬಂದವರು ಮಧ್ಯಾಹ್ನ ಬಂದು, ಮೊಬೈಲ್‌ಲೆ ಇದೇ ಗೋಡಿ ಎದುರಿಂದ ಒಂದು ಫೋಟೋ ಹೊಡದು, ಗೋಡಿ ಛಲೋ ಅದ ಅಂತ ಬರಕೊಂಡು ಹೋಗಿದ್ರು. ಇದನ್ನ ಮಾಮಾ ಹೇಳಿದಾಗ ನಂಗ ಸಿಟ್ಟು ಬಂತು, ಅವರ ಮ್ಯಾಲ ಇರೋವಷ್ಟೇ ಸಿಟ್ಟು ನನ್ನ ಮ್ಯಾಲೂ ಇತ್ತು, ಯಾಕಂದ್ರ ಆಮ್ಯಾಲಿನ ನಾಕು ಬ್ಯಾಸಗಿ ನಾನೂ ಅದೇ ಹೊತ್ತಿಗಿ ಅಲ್ಲೇ ನಿಂತು ಅಂಥದೇ ಫೋಟೋ ತೆಗದಿದ್ದೆ.

ಅವತ್ತೇ ಎರಡು ತೊಲಿ ಓರಿ ಆನಿಸಿ ಆಸರ ಕೊಟ್ರು. ಫೆಬ್ರುವರಿದಾಗ ಆ ಭಾಗ ಬಿಚ್ಚಿ ಕಟ್ಟಿದ್ರು, ನಾನು ಶನಿವಾರ ಐತವಾರ ಎರಡು ದಿನ ಹೋಗಿ ನಿಂತಿದ್ದೆ. ಮಾಮಾನ ಮಗ ಫೋನಿನ್ಯಾಗ ಸಿಮೆಂಟ್ ಪ್ಲಾಸ್ಟರ್ ಹೊಡಸ್ರಿ ಅಂದ, ಗೌಂಡಿ ಕಾಕಾ ಒಪ್ಪಲಿಲ್ಲ, ಮಣ್ಣಿನ ಗೋಡಿ ಬಾಯಿ ಮುಚ್ಚಿದ್ರ ಒಳಗಿನ ಹಸಿ ಎಲ್ಲಿಗಿ ಹೋಗ್ಬೇಕು ಅಂದ್ರು. ಬಿಚ್ಚಿದ ಕಲ್ಲಿಗಿ ಇದ್ದಲಿಲೆ ನಂಬರ್ ಹಾಕಿ ಅಂಗಳದಾಗ ಅದೇ ಸಾಲಿನ್ಯಾಗ ಹಾಸಿದ್ರು, 1ರಿಂದ 114ರ ತನಕ. ಎತ್ತು ಕಟ್ಟೋ ಬಳಿ ಇದ್ದ ಕಲ್ಲಿನ ನಂಬರ್ 61. ಉದ್ದ ಕಲ್ಲು ಐದು ಹೊಸಾದು ತರಿಸಿದ್ರು, ಅವು ಇನ್ನೂ ಬಿಳಿ ಬಿಳಿ ಕಾಣ್ತಾವ. ಮಾಳಗಿಗಿ ಕರಲ ಮಣ್ಣು ಎರಡು ಟ್ರ್ಯಾಕ್ಟರ್ ಬಂತು.

ಕೆಲಸ ಮುಗದ ದಿನ ಅತ್ತಿ ನನಗ ಹಿತ್ತಲ ಕಡಿ ಕರಕೊಂಡು ಹೋಗಿ ಉತ್ತರದ ಗೋಡಿ ಮುಂದ ನಿಂದ್ರಿಸಿದ್ಳು. ಅದಕ್ಕ ಥಂಡಿ ದಿನ ಪೂರಾ ಬಿಸಲೇ ಇರಂಗಿಲ್ಲ, ಬುಡಕ್ಕ ಪಾಚಿ ಹತ್ತಿರ್ತದ. "ಇದರದು ಯಾವಾಗ ತೆಗಿತಿ?" ಅಂದ್ಳು. ಈ ಗೋಡಿಗಿ ಬಿಸಲು ಅಡ್ಡ ಬೀಳ್ಬೇಕಂದ್ರ ಮೇ ಕಡೀತನ ಕಾಯ್ಬೇಕು ಅತ್ತಿ, ಅದೂ ನಸುಕಿನ್ಯಾಗ ಆರರೊಳಗ ಏಳ್ಬೇಕು ಅಂದೆ. "ಹಂಗಾರ ಮೇ ಕಡೀಗೇ ಬಾ, ಮಳಿ ಹತ್ತೋದ್ರೊಳಗ" ಅಂದ್ಳು. ಮೇ 28ರಿಂದ ಮೂರು ದಿನಕ್ಕ ರಜಾ ಅರ್ಜಿ ಆವಾಗ್ಲೇ ಬರದು ಕೊಟ್ಟೆ.