ಸ್ಟಾರ್ ಹಾಳೆ ಮುಗಿದ ದಿನ

10 ಜುಲೈ 2024, ಬುಧವಾರ

ಬಿಸಿಯೂಟ ಮುಗಿದ ಮೇಲೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ಕಲಿಯುವ ನಲಿ-ಕಲಿ ಕೊಠಡಿಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕಾರ್ಡುಗಳನ್ನು ಎರಡನೇ ತರಗತಿಯ ಹುಡುಗನೊಬ್ಬ ಯಾರೂ ಹೇಳದೆಯೇ ಆಯ್ದು, ಕಲಿಕೆಯ ಹಂತ ತೋರಿಸುವ ಮೈಲಿಗಲ್ಲಿನ ಸಂಖ್ಯೆ ನೋಡಿ ಜೋಡಿಸಿಟ್ಟು, ನೇರವಾಗಿ ನನ್ನ ಮೇಜಿನ ಮುಂದೆ ಬಂದು ಅಂಗೈ ಚಾಚಿದ. "ಮಿಸ್, ಸ್ಟಾರು?" ಸ್ಟಾರ್ ಅಂಟುಚೀಟಿಗಳ ಹಾಳೆ ಬೆಳಿಗ್ಗೆಯೇ ಮುಗಿದಿತ್ತು, ಹಾಗೆಂದು ಹೇಳಿದೆ. ಅವನು ಒಂದು ಕ್ಷಣ ನಿಂತು, ಮರಳಿ ಹೋಗಿ, ಜೋಡಿಸಿದ್ದನ್ನೆಲ್ಲ ಮೊದಲಿದ್ದಂತೆಯೇ ನೆಲಕ್ಕೆ ಹರಡಿದ. ನನಗೆ ನಗುವೂ ಬಂತು, ತಪ್ಪು ಯಾರದೆಂಬುದೂ ಹೊಳೆಯಿತು.

ಜೂನ್‌ನಲ್ಲಿ ಸ್ಟಾರ್ ಹಚ್ಚಲು ಆರಂಭಿಸಿದವಳು ನಾನೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋದ ಜಾಗಕ್ಕೆ ಏನು ಬರಬೇಕೆಂಬುದನ್ನು ಮಾತ್ರ ನಾವು ಕೊಠಡಿಯೊಳಗೇ ಕಂಡುಕೊಳ್ಳಬೇಕು. ಕೈ ತೊಳೆಯುವ ಸಾಲಿನಲ್ಲಿ ನೂಕಾಡದವರಿಗೆ ಒಂದು ಸ್ಟಾರ್ ಎಂದೆ. ಮೂರೇ ದಿನದಲ್ಲಿ ಸಾಲು ನೆಟ್ಟಗಾಯಿತು. ಗೆದ್ದೆನೆಂದುಕೊಂಡು ಓದಿಗೆ, ಚಿತ್ರಕ್ಕೆ, ಕೊನೆಗೆ ಕಸ ಹೆಕ್ಕುವುದಕ್ಕೂ ಹಚ್ಚುತ್ತ ಹೋದೆ.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಪ್ರಕಟಿಸಿದ ಪ್ರಯೋಗ ನೆನಪಾಯಿತು. (ಡಿ.ಎಡ್. ಓದುವಾಗ ನಮಗೆ ಇದನ್ನು ಯಾರೂ ಹೇಳಲಿಲ್ಲ. ಬಹುಮಾನದಿಂದ ನಡವಳಿಕೆ ಹೇಗೆ ಬದಲಾಗುತ್ತದೆಂದು ಪ್ರಯೋಗ ಮಾಡಿದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಎಂದರೆ ನಮಗೆ ಪೆಟ್ಟಿಗೆಯೊಳಗಿನ ಇಲಿ, ಐದು ಅಂಕದ ಪ್ರಶ್ನೆ, ಅಷ್ಟೇ.) ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಲಾಗಿತ್ತು, ಒಂದೆರಡು ವಾರ ಕಳೆದು ನೋಡಿದರೆ, ಆ ಮಕ್ಕಳು ಪೆನ್ನು ಹಿಡಿಯುವ ಸಮಯ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂಚೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟವರಲ್ಲಿ ಆಸಕ್ತಿ ಕುಂದಿರಲಿಲ್ಲ. ಹಾಗಾದರೆ ಸಾಲಿಗೆ ಕೊಟ್ಟ ಸ್ಟಾರ್ ಅಷ್ಟೇನೂ ತಪ್ಪಲ್ಲ, ಸಾಲಿನಲ್ಲಿ ನಿಲ್ಲುವ ಆಸೆ ಯಾವ ಮಗುವಿಗೂ ತಾನಾಗಿ ಇರುವುದಿಲ್ಲ; ಮಗು ಖುಷಿಗೆ ಮಾಡುತ್ತಿದ್ದುದನ್ನೂ ನಾನು ಕೂಲಿ ಕೆಲಸವಾಗಿಸಿದ್ದು ತಪ್ಪು.

ನಾನೂ ಆ ಹುಡುಗನ ಪಕ್ಕದಲ್ಲಿ ನೆಲಕ್ಕೆ ಕುಳಿತು ಕಾರ್ಡು ಆಯ್ದೆ, ಅವನು ಮತ್ತೆ ಜೋಡಿಸಿಟ್ಟ. ಸ್ವಲ್ಪ ಹೊತ್ತಿನಲ್ಲಿ ಒಂದನೇ ತರಗತಿಯ ಹುಡುಗಿ ಬಂದು ತನ್ನ ಕಾರ್ಡನ್ನು ಹುಡುಕದೆಯೇ ಎತ್ತಿಕೊಂಡು ಹೋದಳು. "ನೋಡಿದ್ಯಾ, ನೀನು ಜೋಡಿಸಿಟ್ಟಿದ್ದಕ್ಕೆ ಅವಳಿಗೆ ತಕ್ಷಣ ಸಿಕ್ತು" ಎಂದೆ. "ಜಾಣ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಾನು ಮಾಡಿದ್ದರಲ್ಲಿ ಒಳ್ಳೆಯದು ಯಾವುದೆಂದು ಆ ಮಾತಿನಿಂದ ಮಗುವಿಗೆ ತಿಳಿಯುವುದೇ ಇಲ್ಲ. ಅವನು ಉತ್ತರಿಸಲಿಲ್ಲ, ಆದರೆ ಮುಂದಿನ ಮಗು ಬರುವವರೆಗೆ ಕಾರ್ಡುಗಳ ಬಳಿಯೇ ಕಾದು ನಿಂತ.

ಮನೆಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದ: "ನಾಳೆ ಹೊಸ ಹಾಳೆ ತರ್ತೀರಾ ಮಿಸ್?"