ಮಳೆಗಾಲದ ತರಗತಿಯಲ್ಲಿ ಸೋಪು, ಮಾಸ್ಕ್, ತೆರೆದ ಕಿಟಕಿ

ತೀರ್ಥಹಳ್ಳಿಯ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಶಾಲೆಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಒದ್ದೆ ಕೊಡೆ, ಒದ್ದೆ ಚೀಲ, ಒಂದೇ ಬೆಂಚಿನಲ್ಲಿ ಒತ್ತಿ ಕುಳಿತ ಮಕ್ಕಳು. ಫ್ಲೂ ಹರಡಲು ಇನ್ನೇನು ಬೇಕು? ಅದಕ್ಕೇ ಎಷ್ಟೇ ಚಳಿಯಿದ್ದರೂ ಇರಚಲು ಹೊಡೆಯದ ಕಡೆಯ ಕಿಟಕಿಗಳನ್ನು ನಾನು ತೆರೆಸಿಯೇ ಇಡುತ್ತೇನೆ.

ಬಿಸಿಯೂಟಕ್ಕೆ ಮೊದಲು ಕೈ ತೊಳೆಯುವ ವಿಷಯದಲ್ಲಿ ನನ್ನದು ಹಟವೇ. ಬೆಳ್ಳುಳ್ಳಿ ತುಂಬಿ ಬರುವ ಬಲೆಚೀಲದಲ್ಲಿ ಸೋಪು ಹಾಕಿ ನಲ್ಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಕೆಸರಿಗೆ ಬೀಳುವುದಿಲ್ಲ, ಬಲೆಯ ಒರಟಿಗೆ ನೊರೆಯೂ ಬೇಗ ಏಳುತ್ತದೆ. ಫ್ಲೂ ವೈರಸ್ಸಿನ ಹೊರಕವಚ ಕೊಬ್ಬಿನದು. ಸೋಪು ಅದನ್ನೇ ಒಡೆಯುತ್ತದೆ. ಆದರೆ ಕೈ ನೆನೆಸಿ ಓಡಿದರೆ ಸಾಲದು. ಬೆರಳ ಸಂದು, ಉಗುರ ತುದಿ, ಹೆಬ್ಬೆರಳ ಬುಡ ಸೇರಿ 20 ಸೆಕೆಂಡ್ ಉಜ್ಜಬೇಕು. ಎರಡರ ಮಗ್ಗಿಯನ್ನು ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು.

ಮಾಸ್ಕ್ ಎಂದರೆ ಕೊರೊನಾ ಕಾಲದ ಬೇಸರ ಹಲವರಿಗೆ ಇನ್ನೂ ಇದೆ. ಕೆಮ್ಮುವವರು ಹಾಕಿಕೊಂಡರೆ ಹನಿಗಳು ಬಹುಪಾಲು ಅಲ್ಲೇ ನಿಲ್ಲುತ್ತವೆ. ಮೂಗೂ ಮುಚ್ಚಿರಬೇಕು, ಮಳೆಗೆ ನೆನೆದದ್ದನ್ನು ಬದಲಿಸಲೇಬೇಕು. ನನ್ನ ಮೇಜಿನ ಖಾನೆಯಲ್ಲಿ ಹೊಸ ಮಾಸ್ಕುಗಳ ಪೊಟ್ಟಣ ಸದಾ ಇರುತ್ತದೆ.

ಮನೆಯಲ್ಲಿ ವಯಸ್ಸಾದವರು, ಬಸುರಿಯರು ಇದ್ದರೆ ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಪೋಷಕರಲ್ಲಿ ಇನ್ನೊಂದು ಬೇಡಿಕೆ: ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಮಗುವನ್ನು ಕಳಿಸಿ. ಬೆಳಿಗ್ಗೆ ಪ್ಯಾರಸಿಟಮಾಲ್ ಕುಡಿದು ಬಂದ ಮಗು ಮಧ್ಯಾಹ್ನದ ಹೊತ್ತಿಗೆ ಬೆಂಚಿಗೆ ತಲೆಯಿಟ್ಟು ಮಲಗುವುದನ್ನು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಹಾಜರಾತಿಯ ಚಿಂತೆ ಬೇಡ, ತಪ್ಪಿದ ಪಾಠವನ್ನು ನಾನು ಹೇಳಿಕೊಡುತ್ತೇನೆ.